ಉದ್ದ ತೋಳಿನ ಕೋಟು

ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರ. ಹೊಲಿಗೆ ಅಂಗಡಿಯ ಕೆಲಸ ಕೈಗೆ ಹತ್ತಿದೆ. ಕೆಮ್ಮು ಇನ್ನೂ ಬಿಟ್ಟಿಲ್ಲ, ಗಾಬರಿ ಬೀಳಬೇಡ.

ನಿನ್ನೆ ಇಲ್ಲಿ ಒಂದು ಹಬ್ಬ. ವರ್ಷದೊಳಗೆ ತೀರಿಕೊಂಡವರ ಬಟ್ಟೆಯನ್ನು ಮನೆಯ ಕಿರಿಯರು ತೊಟ್ಟು ಬೀದಿಯಲ್ಲಿ ನಡೆಯಬೇಕಂತೆ. ನನಗೇನು ಗೊತ್ತು? ಮೊನ್ನೆ ಒಬ್ಬ ಹುಡುಗಿ ಗಂಡಸರ ಕೋಟು ತಂದು, "ಗುಂಡಿ ಹಾಕಿಕೊಡಿ, ನಾನೇ ತೊಡೋದು" ಅಂದಳು. ತೊಟ್ಟು ತೋರಿಸಿದಾಗ ತೋಳು ಬೆರಳು ದಾಟಿ ಜೋಲುತ್ತಿತ್ತು. ಪಾಪ ಅಂತ ನಾನು ತೋಳನ್ನೂ ಒಳಗೆ ಮಡಚಿ ಹೊಲಿದಿಟ್ಟೆ. ಅವಳು ಬಂದು ನೋಡಿ ಅತ್ತೇಬಿಟ್ಟಳು.

"ಬಿಚ್ಚಿಕೊಡಿ. ಉದ್ದ ಇದ್ರೇನೇ ಅದು ನಮ್ಮಪ್ಪಂದು."

ಅಂಗಡಿ ಯಜಮಾನರು, "ಒಂದು ಮಾತು ಕೇಳಬಾರದಿತ್ತೇನಮ್ಮಾ? ಬಾಯಿ ಊರಲ್ಲೇ ಬಿಟ್ಟು ಬಂದಿದ್ದೀಯಾ?" ಅಂದರು. ತಲೆ ತಗ್ಗಿಸಿಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದೆ.

ನಿನ್ನೆ ಸಂಜೆ ಅಂಗಡಿ ಬಾಗಿಲಲ್ಲಿ ನಿಂತು ನೋಡಿದೆ. ವಾದ್ಯವಿಲ್ಲ, ಮಾತಿಲ್ಲ. ದೊಡ್ಡವರ ಬಟ್ಟೆಯೊಳಗೆ ಚಿಕ್ಕವರು ನಡೆದು ಹೋಗುತ್ತಿದ್ದರು. ಒಂದು ಮಗು ಅಜ್ಜಿಯ ಚಪ್ಪಲಿ ಎಳೆದುಕೊಂಡು ಹೋಯಿತು, ಯಾರೂ ನಗಲಿಲ್ಲ. ಆ ಹುಡುಗಿ ಕೋಟಿನ ತೋಳಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಅಕ್ಕಾ, ಅಪ್ಪನ ಬಟ್ಟೆಗಳನ್ನೆಲ್ಲ ಈ ತಿಂಗಳು ಯಾರಿಗಾದರೂ ಕೊಟ್ಟುಬಿಡಬೇಕು ಅಂತ ಚಿಕ್ಕಪ್ಪ ಹೇಳಿದ್ದಾರೆ ಅಂತ ಬರೆದಿದ್ದೆಯಲ್ಲ. ನಮ್ಮಲ್ಲಿ ಈ ಪದ್ಧತಿ ಇಲ್ಲ, ನನಗೆ ಗೊತ್ತು. ಆದರೂ ಕಿರಿಯವಳು ನಾನೇ ತಾನೆ? ಆ ಕಂದು ಸ್ವೆಟರ್ ಒಂದನ್ನು ತೆಗೆದಿಡು. ಒಗೆಯಬೇಡ.

ಜಾಗ ಮುಗಿಯಿತು. ಈ ಕಾರ್ಡು ಸೇರುವ ಮೊದಲೇ ಕೊಟ್ಟಾಗಿದ್ದರೂ, ಇದೆ ಅಂತಲೇ ಬರಿ.

ನಿನ್ನ ಬಾಯಿಲ್ಲದ ತಂಗಿ