ಮದುವೆ ಪೆಂಡಾಲಿನೊಳಗೆ ಸ್ಟ್ರೆಚರ್

ಓ ಟ್ರೆಂಗ್ ಹಳ್ಳಿ, ಬಾತಂಬಾಂಗ್
ಫೆಬ್ರವರಿ 11, 2019, ಸೋಮವಾರ

ಥವ್ರಿಯ ಅಪ್ಪನಿಗೆ, ನಿಮ್ಮ ಸಾವೆತ್ ಮಾಡುವ ಪ್ರೀತಿಯ ನಮಸ್ಕಾರಗಳು.

ಕೆಮ್ಮು ಹೇಗಿದೆ? ಹೋದ ವಾರ ಫೋನಿನಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದಿರಿ. ಲಾಂಗನ್ ಹಣ್ಣಿಗೆ ಗಂಧಕದ ಹೊಗೆ ಹಾಕುವ ಕೋಣೆಗೆ ನೀವು ಹೋಗಬೇಡಿ, ಹುಡುಗರು ಹೋಗಲಿ. ಹೋಗಲೇಬೇಕಾದರೆ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ನಾನು ಚೆನ್ನಾಗಿದ್ದೇನೆ, ಮಂಡಿ ಒಂದು ಆಗಾಗ ಹಟ ಮಾಡುತ್ತದೆ. ಗಡಿ ದಾಟುವ ವ್ಯಾನಿನ ಡ್ರೈವರ್ ಕೈಯಲ್ಲಿ ಒಣಮೀನು, ಒಂದು ಡಬ್ಬಿ ಹುಳಿಸಿದ ಮೀನಿನ ಪ್ರಹೋಕ್ ಕೊಟ್ಟಿದ್ದೇನೆ. ಮುಚ್ಚಳ ಭದ್ರವಾಗಿ ಮುಚ್ಚಿಡಿ, ಇಲ್ಲದಿದ್ದರೆ ನಿಮ್ಮ ಥಾಯ್ ಮಾಲೀಕ ವಾಸನೆಗೆ ತೋಟ ಬಿಟ್ಟು ಓಡಿಯಾನು. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ಥವ್ರಿಯ ಹೆಸರೆತ್ತಿದರೆ ಸಾಕು, ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ಸಿಟ್ಟು ಬಂದರೆ ಮಡಚಿಡಿ, ಇಳಿದ ಮೇಲೆ ಓದಿ.

"ಮಗಳು ಬಾಂಬ್ ತೆಗೆಯೋ ಕೆಲ್ಸಕ್ಕೆ ಹೋದ್ರೆ ನಾನೀ ಮನೆ ಮೆಟ್ಟಿಲು ಹತ್ತಲ್ಲ" ಎಂದು ಹೇಳಿ ಹೋದಿರಿ. ನಿಮ್ಮ ಮಾತಿನ ಹಿಂದೆ ಯಾರಿದ್ದಾರೆಂದು ನನಗೆ ಗೊತ್ತು. ನಿಮ್ಮ ತಮ್ಮ ಫೀರುಂ ಆ ಹೊಲದಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು ಬಿದ್ದಾಗ ನೀವು ಅವನನ್ನು ಜೋಲಿಗೆ ಹಾಕಿ, ಬೊಂಬಿಗೆ ಕಟ್ಟಿ, ಹೆಗಲ ಮೇಲೆ ಹೊತ್ತು ನಡೆದಿರಿ. ದೊಡ್ಡ ರಸ್ತೆ ಕಾಣುವ ಹೊತ್ತಿಗೆ ಅವನ ಉಸಿರು ನಿಂತಿತ್ತು. ಅವತ್ತಿನಿಂದ ಕಂಬಗಳ ಮೇಲಿನ ನಮ್ಮ ಮನೆಯ ಕೆಳಗೆ ಒಂದೂ ಜೋಲಿ ಕಟ್ಟಿಲ್ಲ. ಊರೆಲ್ಲ ಮಧ್ಯಾಹ್ನ ಜೋಲಿಯಲ್ಲಿ ತೂಗಾಡುತ್ತದೆ, ನೀವೊಬ್ಬರು ನೆಲದ ಮೇಲೆ ಚಾಪೆ ಹಾಸುತ್ತೀರಿ. ಇದನ್ನೆಲ್ಲ ಮರೆತು ಬರೆಯುತ್ತಿಲ್ಲ, ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಈಗ ಸುದ್ದಿ. ಥವ್ರಿಯ ಸಂಸ್ಥೆ ಹೊಸದಲ್ಲವೇ, ಅದಕ್ಕೆ ನೆಲಬಾಂಬ್ ತೆಗೆಯುವ ಪರವಾನಗಿ ಎರಡು ಹಂತದಲ್ಲಿ ಸಿಗಬೇಕು. ಮೊದಲನೆಯದು ಕಾಗದದ್ದು. ವಿಮೆ, ತರಬೇತಿಯ ಪ್ರಮಾಣಪತ್ರ, ಯಾವ ಯಂತ್ರ, ಯಾವ ವಿಧಾನ ಎಂದು ರಾಜಧಾನಿಯ ಕಚೇರಿ ನೋಡಿ ಒಪ್ಪಿತು. ಎರಡನೆಯದು ಹೊಲದಲ್ಲಿ ಕಣ್ಣೆದುರು ಮಾಡಿ ತೋರಿಸುವುದು. ಅದಕ್ಕೆ ವಿಬೊಲ್ ಎಂಬ ತಪಾಸಣಾಧಿಕಾರಿ ಬಂದಿದ್ದರು. ಕಡ್ಡಿಯಂಥ ಮನುಷ್ಯ, ನಗು ಅನ್ನುವುದನ್ನು ರಾಜಧಾನಿಯಲ್ಲೇ ಬಿಟ್ಟು ಬಂದವರ ಹಾಗೆ. ಅವರು ಒಪ್ಪಿದರೆ ಶಾಲೆಯ ಹಿಂದಿನ ಹೊಲ ಈ ಬೇಸಿಗೆಯಲ್ಲೇ ಶುರು. ಒಪ್ಪದಿದ್ದರೆ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ತಂಡ ಗಂಟುಮೂಟೆ ಕಟ್ಟಿ ಬೇರೆ ಪ್ರಾಂತಕ್ಕೆ ಹೋಗುತ್ತದೆ, ಕೆಂಪು ತಲೆಬುರುಡೆಯ ಫಲಕಗಳು ಮಾತ್ರ ಇಲ್ಲಿ ಉಳಿಯುತ್ತವೆ.

ಆ ಮನುಷ್ಯನ ಶಿಸ್ತು ನೋಡಬೇಕಿತ್ತು ನೀವು. ಬೆಳಿಗ್ಗೆ ಬಂದವರೇ ಪ್ರತಿಯೊಬ್ಬರ ಯಂತ್ರವನ್ನೂ ಮಣ್ಣಲ್ಲಿ ಹೂತಿಟ್ಟ ಲೋಹದ ಚೂರಿನ ಮೇಲೆ ಹಿಡಿಸಿ, ಕೂಗುತ್ತದೋ ಇಲ್ಲವೋ ಎಂದು ಕೇಳಿಸಿಕೊಂಡರು. ಎಲ್ಲರ ಅಂಗಿಯ ಮೇಲೂ ರಕ್ತದ ಗುಂಪು ಬರೆದಿದೆಯೇ ಎಂದು ನೋಡಿದರು. ಒಬ್ಬ ಹುಡುಗ ಬೆವರು ಒರೆಸಲು ಮುಖದ ಗಾಜು ಎತ್ತಿದ, ಅಷ್ಟಕ್ಕೇ ಇಡೀ ಹೊಲದ ಕೆಲಸ ನಿಲ್ಲಿಸಿಬಿಟ್ಟರು. ಹಂದಿಮಾಂಸದ ಅಂಗಡಿಯ ಹೆಂಗ್ ಬೇಲಿಯ ಆಚೆ ನಿಂತು, "ಹಂದಿ ಕುಯ್ಯೋಕೇ ನಂಗೆ ಇಷ್ಟು ನೇಮ ಇಲ್ಲಪ್ಪ" ಎಂದ. ವಿಬೊಲ್ ತಿರುಗಿಯೂ ನೋಡದೆ, "ನಿನ್ ಹಂದಿ ಸಿಡಿಯಲ್ವಲ್ಲ" ಎಂದರು. ಎಳನೀರು ಕೊಟ್ಟರೆ ಕುಡಿಯಲಿಲ್ಲ, ತಾವೇ ತಂದ ಬುತ್ತಿ ಬಿಚ್ಚಿ ಮರದ ಕೆಳಗೆ ಒಬ್ಬರೇ ಉಂಡರು.

ಮಧ್ಯಾಹ್ನ ಕೊನೆಯ ಪರೀಕ್ಷೆ. ಯಾರಿಗೋ ಗಾಯವಾದ ಹಾಗೆ ಮಾಡಿ, ಗಂಟೆಯೊಳಗೆ ಪಟ್ಟಣದ ಆಸ್ಪತ್ರೆಗೆ ಮುಟ್ಟಿಸಬೇಕು. ತಂಡದವರೇ ಮಲಗಿದರೆ ತಾವೇ ಹತ್ತಿ ಇಳಿದು ಸಹಾಯ ಮಾಡುತ್ತಾರೆಂದು ಊರಿನ ಯಾರನ್ನಾದರೂ ಕರೆಯಿರಿ ಎಂದರು ವಿಬೊಲ್. ಕರೆದರೆ ಬರುವವರು ಯಾರು! ಗಾಯಗೊಂಡವನ ಹಾಗೆ ಮಲಗಿದರೆ ಗಾಯವೇ ಹುಡುಕಿಕೊಂಡು ಬರುತ್ತದೆ ಎಂದು ಗಂಡಸರೆಲ್ಲ ಕಾಲಿಗೆ ಬುದ್ಧಿ ಹೇಳಿದರು. ನನಗೆ ರೇಗಿತು. ಕ್ರಮಾ ವಸ್ತ್ರ ತಲೆಗೆ ಸುತ್ತಿ ಹೋಗಿ ಮಲಗಿಯೇಬಿಟ್ಟೆ, ಬಾಂಬ್ ಇಲ್ಲವೆಂದು ಖಾತ್ರಿಯಾದ ಪಟ್ಟೆಯಲ್ಲೇ, ಗಾಬರಿಯಾಗಬೇಡಿ. ಕಾಲಿಗೆ ಕೆಂಪು ಶರಬತ್ತು ಸುರಿದರು. ಸೀಟಿ ಊದಿದರು. ನಾನು ಜೀವ ಹೋಗುವ ಹಾಗೆ ಕಿರುಚಿದೆ. ಆಮೇಲೆ ತಲೆ ಎತ್ತಿ ನೋಡಿದರೆ ನಿಮ್ಮ ಮಗಳು ನಡೆದುಕೊಂಡು ಬರುತ್ತಿದ್ದಾಳೆ! ಹೆತ್ತ ತಾಯಿ ಹೀಗೆ ಕೂಗುತ್ತಿದ್ದರೂ ಪೇಟೆಗೆ ಹೊರಟವಳ ಹಾಗೆ ಹೆಜ್ಜೆ ಮೇಲೆ ಹೆಜ್ಜೆ. ಮನಸ್ಸಿಗೆ ಚುರುಕ್ ಎಂದಿತು. ಹತ್ತಿರ ಬಂದವಳೇ ಕಾಲಿಗೆ ಪಟ್ಟಿ ಬಿಗಿಯುತ್ತಾ ಕಿವಿಯಲ್ಲಿ ಹೇಳಿದಳು: "ಅಮ್ಮಾ, ಇಲ್ಲಿ ಯಾರೂ ಓಡಂಗಿಲ್ಲ. ಓಡಿದ್ರೆ ಇಬ್ರು ಬೀಳ್ತಾರೆ. ಅಪ್ಪ ಅವತ್ತು ಚಿಕ್ಕಪ್ಪನ ಹತ್ರ ಓಡಿದ್ರಲ್ಲ, ಅವರು ಉಳಿದಿದ್ದೇ ನಮ್ ಪುಣ್ಯ." ನಾವು ಇಷ್ಟು ವರ್ಷ ಫೀರುಂ ಹೋದದ್ದನ್ನೇ ಎಣಿಸಿದೆವು. ನೀವು ಉಳಿದದ್ದನ್ನು ಎಣಿಸಿದವಳು ಅವಳೊಬ್ಬಳೇ.

ಆಂಬುಲೆನ್ಸ್ ಹತ್ತಿಸಿದರು. ವಿಬೊಲ್ ಕೈಗಡಿಯಾರ ಹಿಡಿದು ಮುಂದೆ ಕೂತರು. ಥವ್ರಿ ನನ್ನ ನಾಡಿ ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. "ಕಣ್ ಮುಚ್ಬೇಡ, ಮಾತಾಡ್ತಿರು. ರಾತ್ರಿ ಏನಡುಗೆ?" ಕುಂಬಳಕಾಯಿ ಸಮ್ಲೊ ಸಾರು ಎಂದೆ. "ಮೀನು ಯಾವ್ದು ಹಾಕ್ತೀಯ? ಮೊದ್ಲು ಏನ್ ಹುರೀತೀಯ?" ಗಾಯಗೊಂಡವರನ್ನು ಎಚ್ಚರದಲ್ಲಿಡುವುದು ಹೀಗಂತೆ. ಅಡುಗೆಯ ಬಗ್ಗೆ ಅವಳು ಇಷ್ಟು ಕೇಳಿದ್ದು ಹುಟ್ಟಿದ ಮೇಲೆ ಇದೇ ಮೊದಲು. ನಾನು ಪುಡಿ ಮಸಾಲೆಯ ತನಕ ಬಂದಿದ್ದೆ, ಗಾಡಿ ಗಕ್ಕನೆ ನಿಂತಿತು.

ಎದುರಿಗೆ ಊರ ಮುಖ್ಯಸ್ಥರ ತಂಗಿಯ ಮಗಳ ಮದುವೆ. ರಸ್ತೆಯ ಅಡ್ಡಗಲಕ್ಕೂ ಗುಲಾಬಿ ಬಣ್ಣದ ಪೆಂಡಾಲು, ಒಳಗೆ ಊಟದ ಮೇಜುಗಳು, ಕಿವಿ ಹರಿಯುವ ಹಾಡು. ಆಚೀಚೆ ಚರಂಡಿ. ಬೆಳಿಗ್ಗೆ ದಾರಿ ನೋಡಿಕೊಂಡು ಬಂದಾಗ ಕಂಬ ನೆಟ್ಟಿರಲಿಲ್ಲವಂತೆ. ಡ್ರೈವರ್ ಹಾರನ್ ಹೊಡೆದ, ಮೈಕಿನವನು "ಹೊಸ ಅತಿಥಿಗಳು ಬಂದ್ರು, ಕುರ್ಚಿ ಹಾಕ್ರಪ್ಪಾ" ಎಂದು ಕೂಗಿದ. ಥವ್ರಿ ಕಾಯಲಿಲ್ಲ. ನನ್ನನ್ನು ಸ್ಟ್ರೆಚರ್ ಸಮೇತ ಇಳಿಸಿ, ತಂಡದವರ ಜೊತೆ ಮೇಜುಗಳ ನಡುವೆಯೇ ಹೊತ್ತು ನಡೆದಳು. ಶರಬತ್ತಿನ ಕಾಲು ನೋಡಿ ಬಾಣಸಿಗ ಅಜ್ಜಿ ಬೇಯಿಸಿದ ಬಾತುಕೋಳಿಯನ್ನೇ ನೆಲಕ್ಕೆ ಹಾಕಿ ಅಳತೊಡಗಿದಳು. ನಾನು ಮಲಗಿದಲ್ಲಿಂದಲೇ "ಏನಾಗಿಲ್ಲ ಕಣೇ, ಸುಮ್ನೆ ಪರೀಕ್ಷೆ" ಎಂದರೆ ಅವಳ ಅಳು ಇನ್ನೂ ಜೋರಾಯಿತು. ಮದುಮಗಳಿಗೆ ಮಲಗಿಯೇ ಹರಸಿದೆ. ಆಚೆ ಕಡೆ ಯಾರದೋ ಟ್ರೇಲರ್ ಹಿಡಿದು, ಕುಲುಕಿಕೊಂಡು ಆಸ್ಪತ್ರೆ ತಲುಪುವಷ್ಟರಲ್ಲಿ ಗಡುವು ಮೀರಿ ಬಹಳ ಹೊತ್ತಾಗಿತ್ತು.

ಇದನ್ನು ಗಮನವಿಟ್ಟು ಓದಿ. ತಂಡದ ನಾಯಕ ಸಂಬತ್ ಕೈ ಮುಗಿದು, "ಸಾರ್, ಮದ್ವೆ ನಮ್ ಕೈಲಿರ್ಲಿಲ್ಲ. ಅಲ್ಲಿ ನಿಂತ ಹೊತ್ತನ್ನ ಕಳೆದ್ಬಿಡಿ, ಆಗ ಸರಿಹೋಗತ್ತೆ" ಎಂದ. ಊಟ ಬಿಟ್ಟು ಹಿಂದೆಯೇ ಬಂದಿದ್ದ ಮುಖ್ಯಸ್ಥರೂ ತಪ್ಪು ನಮ್ಮದು ಎಂದರು. ವಿಬೊಲ್ ಥವ್ರಿಯ ಕಡೆ ನೋಡಿದರು, ಏಕೆಂದರೆ ಗಾಯಾಳುವಿನ ಹೊಣೆ ಅವಳದು. ಅವಳು ಹೂಂ ಎಂದಿದ್ದರೆ ಅವತ್ತೇ ಪರವಾನಗಿ ಆಗುತ್ತಿತ್ತೋ ಏನೋ. ನನಗೂ ಹೂಂ ಎನ್ನಲಿ ಅನ್ನಿಸಿತ್ತು, ಸುಳ್ಳೇಕೆ. ಅವಳು, "ಕಳೀಬೇಡಿ ಸಾರ್. ನಿಜವಾಗ್ಲೂ ಆಗಿದ್ರೆ ಅಮ್ಮ ಆ ಪೆಂಡಾಲಲ್ಲೇ ಹೋಗ್ಬಿಡ್ತಿದ್ರು" ಎಂದಳು. ವಿಬೊಲ್ ತಲೆಯಾಡಿಸಿದರು. "ತೇರ್ಗಡೆ ಇಲ್ಲ" ಎಂದರು. ಆಮೇಲೆ ಮೊದಲ ಸಲ ನನ್ನ ಮಂಡಿಯನ್ನು ವಿಚಾರಿಸಿದರು. ಸಂಬತ್ ಎರಡು ದಿನ ಅವಳ ಜೊತೆ ಮಾತು ಬಿಟ್ಟ. ನಾನು ಆ ರಾತ್ರಿ ಸಮ್ಲೊ ಮಾಡಿ, ಅವಳ ತಟ್ಟೆಗೆ ಮೀನಿನ ತಲೆ ಹಾಕಿದೆ. ನೀವು ಮನೆಯಲ್ಲಿದ್ದಾಗ ಅದು ಯಾರ ಪಾಲು ಎಂದು ನಿಮಗೆ ಗೊತ್ತು.

ಈಗ ಊರೇ ಬದಲಾಗಿದೆ. ಮುಖ್ಯಸ್ಥರು ಸಭೆ ಕರೆದು, "ಇನ್ಮೇಲೆ ಒಂದು ಗಾಡಿ ಹೋಗೋಷ್ಟು ಜಾಗ ಬಿಡದೆ ಪೆಂಡಾಲ್ ಹಾಕಿದ್ರೆ ಮದುಮಗಳನ್ನೂ ಅದೇ ಸ್ಟ್ರೆಚರಲ್ಲಿ ಕಳಿಸ್ತೀನಿ" ಎಂದರು, ಅವತ್ತು ಅಡ್ಡ ಬಂದದ್ದು ತಮ್ಮ ಮನೆಯ ಮದುವೆಯೇ ಎಂಬುದನ್ನು ಮರೆತವರ ಹಾಗೆ. ಥವ್ರಿ ಕಾಲುವೆ ಬದಿಯ ದಾರಿಯನ್ನೂ ಯೋಜನೆಗೆ ಸೇರಿಸಿದ್ದಾಳೆ. ಮದುವೆಗಳಿಗೆ ಮುಹೂರ್ತ ಇಡುವ ಆಚಾರ್ ತಾತನಿಗೆ ದಿನಾ ಸಂಜೆ ಫೋನ್ ಮಾಡಿ, "ತಾತಾ, ನಾಳೆ ನಮ್ ದಾರೀಲಿ ಮದ್ವೆ ಇದ್ಯಾ?" ಎನ್ನುತ್ತಾಳೆ. "ನಿನ್ ಮದ್ವೆ ಯಾವಾಗ ಹೇಳು, ಅದಕ್ಕೂ ದಾರಿ ಬಿಡಿಸ್ತೀನಿ" ಎನ್ನುತ್ತಾನೆ ಮುದುಕ. ನನಗೆ ಈ ಹುಡುಗಿಯ ಬಗ್ಗೆ ತುಂಬಾ ಹೆಮ್ಮೆ. ಅವಳ ಕೆಲಸ ಅಪಾಯದ್ದು, ಹೌದು. ಆದರೆ ಆ ಅಪಾಯದ ಸುತ್ತ ಅವರು ಕಟ್ಟಿರುವ ಬೇಲಿ ನಾನು ಕಣ್ಣಾರೆ ಕಂಡೆ, ಮಲಗಿಕೊಂಡು ಕಂಡೆ. ಫೀರುಂಗೆ ಅದರಲ್ಲಿ ಒಂದು ಕೋಲಿನಷ್ಟೂ ಇರಲಿಲ್ಲ.

ಹೊತ್ತು ಹೊತ್ತಿಗೆ ಉಣ್ಣಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ಹೇಳಿ. ಬುದ್ಧನ ಕರುಣೆ ಆ ತೋಟದಲ್ಲೂ ನಿಮ್ಮ ಮೇಲಿರಲಿ.

ನಿಮ್ಮ
ಸಾವೆತ್

ಮರೆತಿದ್ದೆ. ವ್ಯಾನಿನವನು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎರಡನೆಯ ಪರೀಕ್ಷೆ ಈ ತಿಂಗಳ ಕೊನೆಯ ಗುರುವಾರ. ವಿಬೊಲ್ ಹೊರಡುವಾಗ ಒಂದು ಷರತ್ತು ಹಾಕಿದ್ದಾರೆ: "ಈ ತಾಯಿ ಗುಬ್ಬಿ ಹಂಗಿದಾರೆ, ಹೊತ್ತಿದ್ದು ಲೆಕ್ಕಕ್ಕಿಲ್ಲ. ಮುಂದಿನ್ಸಲ ತಂಡದ ದಪ್ಪ ಆಳಿನಷ್ಟು ತೂಕ ಇರೋ ಗಂಡಸು ಬೇಕು." ಹೆಂಗ್‌ನನ್ನು ಕೇಳಿದೆವು, ಹೆಂಡತಿ ಮಕ್ಕಳಿದ್ದಾರೆ ಎಂದು ಅಂಗಡಿ ಬಾಗಿಲೆಳೆದ. ಇಡೀ ಊರಲ್ಲಿ ಒಬ್ಬನೂ ಮಲಗಲು ಒಪ್ಪುತ್ತಿಲ್ಲ. ಗಂಡಸು ಸಿಗದಿದ್ದರೆ ಪರೀಕ್ಷೆಯೂ ಇಲ್ಲ, ಪರವಾನಗಿಯೂ ಇಲ್ಲ. ನಿಮ್ಮ ತೂಕ ನನಗೆ ಗೊತ್ತು. ಥವ್ರಿ ಬಾಯಿಬಿಟ್ಟು ಕೇಳುವುದಿಲ್ಲ, ಹಟದಲ್ಲಿ ಅವಳೂ ನಿಮ್ಮ ಮಗಳೇ, ನಾನು ಕೇಳುತ್ತಿದ್ದೇನೆ. ಸ್ಟ್ರೆಚರಿನ ಮುಂದಿನ ಹಿಡಿ ಅವಳದು. ನೀವು ಫೀರುಂನನ್ನು ಹೊತ್ತು ನಡೆದ ದಾರಿಯೇ ಅದು. ಮನೆ ಮೆಟ್ಟಿಲು ಹತ್ತುವುದು ಆಮೇಲಿನ ಮಾತು, ಮೊದಲು ಬಂದು ಹೊಲದಲ್ಲಿ ಮಲಗಿ. ದಾರಿಯುದ್ದಕ್ಕೂ ಅವಳು ಅಡುಗೆ ಕೇಳುತ್ತಾಳೆ, ಕಣ್ಣು ಮುಚ್ಚದೆ ಉತ್ತರ ಕೊಡಿ. ಆಸ್ಪತ್ರೆಯ ಬಾಗಿಲಲ್ಲಿ ಎದ್ದು ಕೂತುಬಿಡಿ. ಆ ದಾರಿಯ ಕೊನೆಯಲ್ಲಿ ನಮ್ಮವರೊಬ್ಬರು ಎದ್ದು ಕೂರುವುದನ್ನು ನಾನು ನೋಡಬೇಕು.