ಸವೆಯಬಾರದ ಯಂತ್ರ, ಸವೆಯಬಹುದಾದ ಅಕ್ಕ

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ನಿಮ್ಮ ಮೇಲಿನ ಮಹಡಿಯಲ್ಲಿ, ಬೀಗ ಹಾಕಿದ ಗಾಜಿನ ಬಾಗಿಲ ಹಿಂದೆ, ಸಣ್ಣ ತೂತಿನ ಕೀಹೋಲ್ ಶಸ್ತ್ರಚಿಕಿತ್ಸೆಯನ್ನು ರೋಗಿಯಿಲ್ಲದೆಯೇ ಕಲಿಸುವ ಸಿಮ್ಯುಲೇಟರ್ ಯಂತ್ರ ಪ್ಲಾಸ್ಟಿಕ್ ಹೊದಿಕೆ ಹೊದ್ದು ಕುಳಿತಿದೆ. ಕೆಳಗಿನ ವಾರ್ಡಿನಲ್ಲಿ ನನ್ನ ಅಕ್ಕ ಹೊಟ್ಟೆಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದಾಳೆ. ಯಂತ್ರಕ್ಕೆ ಒಂದು ಗೀರೂ ಬಿದ್ದಿಲ್ಲ. ಅಭಿನಂದನೆಗಳು.

ಅಕ್ಕನಿಗೆ ಇದ್ದದ್ದು ಪಿತ್ತಕೋಶದ ಕಲ್ಲು. "ಸಣ್ಣ ಸಣ್ಣ ತೂತು ಅಷ್ಟೇ ಕಣೇ, ನಾಳಿದ್ದು ಬಂದು ನಿನ್ನ ತಲೆ ತಿನ್ತೀನಿ," ಎಂದು ನಗುತ್ತ ಒಳಗೆ ಹೋದವಳು. ಪಿತ್ತಕೋಶದ ಸಣ್ಣ ನಾಳವೆಂದುಕೊಂಡು ಯಕೃತ್ತಿನಿಂದ ಪಿತ್ತ ಇಳಿಯುವ ಮುಖ್ಯ ನಾಳವನ್ನೇ ಕತ್ತರಿಸಿದರು. ಕ್ಯಾಮೆರಾ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವಂತೆ. ಯಂತ್ರದಲ್ಲಾದರೆ ತಪ್ಪು ನಾಳ ಹಿಡಿದ ಕೂಡಲೇ ಕೆಂಪು ದೀಪ ಹತ್ತುತ್ತದಂತೆ, ಮತ್ತೆ ಮೊದಲಿನಿಂದ ಶುರು ಮಾಡಬಹುದಂತೆ. ಅಕ್ಕನ ಹೊಟ್ಟೆಯಲ್ಲಿ ಯಾವ ದೀಪವೂ ಹತ್ತಲಿಲ್ಲ. ಕೆಲವು ದಿನಗಳಲ್ಲಿ ಕಣ್ಣು ಹಳದಿಯಾಯಿತು.

ಇದನ್ನೆಲ್ಲ ಹೇಳಿದ್ದು ಕತ್ತರಿ ಹಿಡಿದಿದ್ದ ಮರಿ ಡಾಕ್ಟರೇ. ಮೆಟ್ಟಿಲ ಬಳಿ ನಿಂತು ಅತ್ತುಬಿಟ್ಟರು. "ವಿಡಿಯೊ ಪಾಠ ಎಲ್ಲಾ ನೋಡಿದ್ದೆ ಅಮ್ಮಾ. ಆದ್ರೆ ನಮ್ಮ ಕೈ ಬಲಕ್ಕೆ ಹೋದ್ರೆ ಒಳಗಿರೋ ಕತ್ತರಿ ತುದಿ ಎಡಕ್ಕೆ ಹೋಗುತ್ತೆ. ಅದು ನೋಡಿದ್ರೆ ಬರಲ್ಲ, ಕೈಗೇ ಬರಬೇಕು. ಮನೇಲಿ ಶೂ ಡಬ್ಬಕ್ಕೆ ತೂತು ಕೊರೆದು, ಮೊಬೈಲ್ ಕ್ಯಾಮೆರಾ ಇಟ್ಕೊಂಡು ದ್ರಾಕ್ಷಿ ಸಿಪ್ಪೆ ಸುಲೀತಿದ್ದೆ."

"ಮೇಲೆ ಯಂತ್ರ ಇದೆಯಲ್ಲಪ್ಪಾ?"

"ಅದನ್ನ ಗಣ್ಯರು ಬಂದಾಗ ಮಾತ್ರ ತೆಗೀತಾರೆ. ದಿನಾ ಬಳಸಿದ್ರೆ ಸವೆಯುತ್ತಂತೆ."

ಸವೆಯುತ್ತಂತೆ! ಹಾಗಾದರೆ ಸ್ವಾಮಿ, ಸವೆಯಲಿಕ್ಕೆಂದು ತಾವು ಆರಿಸಿದ್ದು ಯಾರನ್ನು? ದ್ರಾಕ್ಷಿಯಿಂದ ನೇರ ನನ್ನ ಅಕ್ಕನಿಗೆ ಬಡ್ತಿ ಕೊಟ್ಟಿರಲ್ಲ, ಇದು ಯಾವ ಪಠ್ಯಕ್ರಮ? ಪಕ್ಕದಲ್ಲಿ ನಿಲ್ಲಬೇಕಿದ್ದ ಹಿರಿಯ ಸರ್ಜನ್ ಆ ಹೊತ್ತಿಗೆ ಎಲ್ಲಿದ್ದರು ಗೊತ್ತೇ? ತಮಗೆ ಗೊತ್ತಿಲ್ಲದೆ ಏನು, ತಾವೇ ಕರೆಸಿಕೊಂಡಿದ್ದಿರಿ. ಮೇಲೆ ಗಣ್ಯರಿಗೆ ಅದೇ ಯಂತ್ರ ತೋರಿಸುತ್ತಿದ್ದರು. ಅತಿಥಿಯೊಬ್ಬರು ಆಡುತ್ತ ಆಡುತ್ತ ತಪ್ಪು ನಾಳ ಕತ್ತರಿಸಿದರಂತೆ, ಕೆಂಪು ದೀಪ ಹತ್ತಿತಂತೆ, ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರಂತೆ. ಇದನ್ನು ನನಗೆ ಹೇಳಿದ್ದು ವಾರ್ಡಿನ ನರ್ಸಮ್ಮ.

ಈಗ ಮರಿ ಡಾಕ್ಟರನ್ನು ಅಮಾನತು ಮಾಡಿ ತಾವು ಕೈ ತೊಳೆದುಕೊಂಡಿದ್ದೀರಿ. ಅವರ ಜಾಗಕ್ಕೆ ಇನ್ನೊಬ್ಬರು ಬಂದಿದ್ದಾರೆ. ಸೋಮವಾರ ಅದೇ ಟೇಬಲ್ಲಿನ ಮೇಲೆ ನನ್ನ ಮಗಳು. ಅವಳಿಗೂ ದೊಡ್ಡಮ್ಮನದೇ ಕಾಯಿಲೆ. ನೋವಿಗೆ ಮುದುಡಿಕೊಂಡಿದ್ದಾಳೆ, ಮುಂದೂಡುವಂತಿಲ್ಲ, ಬೇರೆ ಆಸ್ಪತ್ರೆಯ ಅನುಕೂಲವೂ ನಮಗಿಲ್ಲ. ಹೊಸಬರನ್ನು ಕೇಳಿದೆ: "ಯಂತ್ರ ಮುಟ್ಟಿದ್ದೀರಾ?"

"ಗಾಜಿನಿಂದ ನೋಡಿದ್ದೀನಿ ಅಮ್ಮಾ."

ನನಗೆ ಭಯವಾಗುತ್ತಿದೆ. ಬೈಯಲು ಕುಳಿತವಳು ಬೇಡುತ್ತಿದ್ದೇನೆ. ಇವತ್ತೇ ಬೀಗ ತೆಗೆಸಿ. ಆ ಮರಿ ಡಾಕ್ಟರುಗಳು ತಪ್ಪು ನಾಳವನ್ನು ಎಷ್ಟು ಸಲ ಬೇಕಾದರೂ ಅಲ್ಲಿ ಕತ್ತರಿಸಲಿ. ಅಮಾನತಾದವರನ್ನೂ ಕರೆದು ಕೂರಿಸಿ, ಕಲಿಸಿ. ಕೈ ಪಳಗಿದವರಷ್ಟೇ ಸೋಮವಾರ ಕತ್ತರಿ ಹಿಡಿಯಲಿ, ಹಿರಿಯರು ಪಕ್ಕದಲ್ಲೇ ನಿಲ್ಲಲಿ. ಯಂತ್ರ ಸವೆದರೆ ಇನ್ನೊಂದು ತರಿಸಬಹುದು. ನನ್ನ ಮಗಳನ್ನು ಮೊದಲಿನಿಂದ ಶುರು ಮಾಡಲಾಗುವುದಿಲ್ಲ.

ಇಂತಿ,
ಬೇರೆ ದಾರಿಯಿಲ್ಲದೆ ತಮ್ಮನ್ನೇ ನಂಬಿರುವ,
ಸವೆದರೂ ಅಡ್ಡಿಯಿಲ್ಲದವರ ಪೈಕಿ ಒಬ್ಬಳು