ಕೈಗೆ ಕೊಡದ ಚಾಕು

ಅರಕಲಗೂಡು
೧೪-೯-೨೦೨೫, ಭಾನುವಾರ

ಪ್ರೀತಿಯ ತಮ್ಮ ನಾಗೇಶ,

ಮೊದಲು ನಿನ್ನ ಮಂಡಿ ನೋವು ಹೇಗಿದೆ, ಅದನ್ನು ಹೇಳು. ತ್ರಿಪುರದ ಗಡಿಯಲ್ಲಿ ಮಳೆ ನಿಂತಿತೋ, ಇನ್ನೂ ಒದ್ದೆ ಬೂಟಿನಲ್ಲೇ ಗಸ್ತು ತಿರುಗುತ್ತಿದ್ದೀಯೋ? ಕಳಿಸಿದ ಹುರಳಿಕಾಳು, ಚಟ್ನಿಪುಡಿ ಕೈಸೇರಿದ್ದರೆ ಒಂದು ಮಾತು ತಿಳಿಸು. ಪುಡಿಯನ್ನೆಲ್ಲ ಜೊತೆಯವರಿಗೆ ಹಂಚಿ ಮುಗಿಸಬೇಡ. ಇಲ್ಲಿ ಎಲ್ಲರೂ ಕ್ಷೇಮ. ಊರ ಸುತ್ತ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಬೆಂಕಿ ಹಾಕಿದ್ದಾರೆ, ಅಂಚೆ ಕಚೇರಿಯ ಕಿಟಕಿ ತೆರೆದರೆ ಫಾರಂಗಳಿಗೂ ಅದೇ ವಾಸನೆ. ನಿನ್ನ ಭಾವ ಕೀರ್ತಿರಾಜ್ ಎಂದಿನಂತೆ ಶನಿವಾರ ಚನ್ನರಾಯಪಟ್ಟಣದಿಂದ ಬಂದು ಸೋಮವಾರ ಬೆಳಿಗ್ಗೆ ಕೋರ್ಟಿನ ಕೆಲಸಕ್ಕೆ ವಾಪಸು ಹೋಗುತ್ತಾರೆ. ಅವರ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಹತೋಟಿಯಲ್ಲಿಲ್ಲ. ಹಾಸನದ ಮನೆಯಲ್ಲಿ ನಿನ್ನ ಮಗ ಶಶಿಕಿರಣ್‌ಗೆ ಮುಂದಿನ ಹಲ್ಲು ಬಿದ್ದಿದೆ. 'ಸ' ಅನ್ನಲು ಹೋದರೆ ಬರೀ ಗಾಳಿ ಬರುತ್ತದೆ.

ಫೋನಿದ್ದೂ ಕಾಗದ ಯಾಕೆ ಅಂದುಕೊಳ್ಳಬೇಡ. ನಿನಗೆ ಸಿಗ್ನಲ್ ಸಿಕ್ಕಾಗ ನೀನು ಮಾಡುವುದು ನಿನ್ನ ಹೆಂಡತಿ ಧನಲಕ್ಷ್ಮಿಗೆ. ಅವಳು ಸ್ಪೀಕರಿಗೆ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಾಳೆ. ನಾನು ಹೇಳಬೇಕಾದದ್ದು ಅವಳ ಬಗ್ಗೆಯೇ. ಅಲ್ಲದೆ ಅಂಚೆ ಇಲಾಖೆಯ ಅನ್ನ ತಿನ್ನುವ ನಾನೇ ಕಾಗದ ಬರೆಯದಿದ್ದರೆ ಇನ್ಯಾರು ಬರೆಯಬೇಕು? ರಿಜಿಸ್ಟರ್ಡ್ ಪೋಸ್ಟನ್ನೇ ಸ್ಪೀಡ್ ಪೋಸ್ಟಿನಲ್ಲಿ ಕರಗಿಸುತ್ತಿದ್ದಾರೆ. ಹಳ್ಳಿಯವರು ಕೌಂಟರಿಗೆ ಬಂದು "ರಿಜಿಸ್ಟ್ರು ಮಾಡಿ" ಅಂದರೆ ನಾನು ಏನು ವಿವರಿಸಲಿ? ಆ ಸಿಟ್ಟು ಇನ್ನೊಂದು ಕಾಗದಕ್ಕೆ ಇರಲಿ. ಇವತ್ತಿನ ವಿಷಯ ಅಪ್ಪನ ಚಾಕು.

ನಗಬೇಡ. ಆ ಕೆಂಪು ಹಿಡಿಯ ಮಡಿಚುವ ಚಾಕು ನಿನಗೆ ಮರೆತಿರಲಾರದು. ಒಂದು ದೊಡ್ಡ ಅಲಗು, ಒಂದು ಪುಟ್ಟ ಅಲಗು, ಬೆರಳುದ್ದದ ಕತ್ತರಿ, ಡಬ್ಬಿ ತೆಗೆಯುವ ಕೊಕ್ಕೆ, ಅದರ ತುದಿಯಲ್ಲೇ ಸ್ಕ್ರೂಡ್ರೈವರ್, ಬೆನ್ನಿಗೆ ದಬ್ಬಣದಂಥ ಒಂದು ಮೊನೆ. ಅಪ್ಪ ಲೈನ್‌ಮನ್ ಆಗಿದ್ದಾಗ ನಮ್ಮಿಬ್ಬರನ್ನೂ ಅಮ್ಮನನ್ನೂ ದಸರಾ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿ, ಜೈಂಟ್ ವೀಲ್ ಕಡೆಗೆ ಹೋಗಲು ಬಿಡದೆ ಒಂದೇ ಅಂಗಡಿಯ ಮುಂದೆ ನಿಂತು ಆರಿಸಿ ತಂದದ್ದು. ಅಂಗಡಿಯವನು ಇಕ್ಕಳ, ಗರಗಸ, ದಿಕ್ಸೂಚಿ ಎಲ್ಲ ಇದ್ದ ದೊಡ್ಡದೊಂದನ್ನು ತೋರಿಸಿದ. ಅಪ್ಪ ಅದನ್ನು ಪ್ಯಾಂಟಿನ ಜೇಬಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು, ತೆಗೆದು ವಾಪಸು ಇಟ್ಟ. "ಜೇಬು ಜೋತುಬೀಳೋದ್ನ ನಾಕು ದಿನ ತಗಂಡೋಗಿ ಐದ್ನೇ ದಿನ ಮನೇಲಿ ಬುಟ್ಟೋಯ್ತೀವಿ. ಜೊತೇಲಿದ್ರೆ ಅದು ಚಾಕು, ಮನೇಲಿದ್ರೆ ಬರೀ ಕಬ್ಬುಣ" ಅಂದ. ಅಮ್ಮ, "ಎಣ್ಣು ನೋಡಕೆ ಬಂದಾಗ್ಲೂ ಇಷ್ಟೊತ್ತು ನೋಡ್ನಿಲ್ಲ ಇವ್ನು" ಅಂದಳು. ಅಂದಿನಿಂದ ಅಪ್ಪನ ಜೇಬು ಆ ಚಾಕುವಿಲ್ಲದೆ ಇದ್ದದ್ದನ್ನು ನಾನು ನೋಡಿಲ್ಲ. ಕೆಲಸದಿಂದ ನಿವೃತ್ತನಾದ ದಿನ ಹಾರ ಹಾಕಿಸಿಕೊಂಡು ಬಂದವನು, ಅದೇ ಹಾರದ ದಾರವನ್ನು ಅದರಲ್ಲೇ ಕತ್ತರಿಸಿದ.

ಈಗ ಆದದ್ದು ಕೇಳು. ಗೌರಿಹಬ್ಬದ ದಿನ ನಾನು ಹಾಸನಕ್ಕೆ ಹೋಗಿದ್ದೆ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ನಮ್ಮ ಮನೆಯಲ್ಲಿ ಗೌರಿ ಇಡುವುದಿಲ್ಲ ನಿಜ, ಆದರೆ ಆ ದಿನ ಮಗಳನ್ನು ಕರೆಯುವುದನ್ನು ಅಪ್ಪ ಒಂದು ವರ್ಷವೂ ಬಿಟ್ಟಿಲ್ಲ. "ಅಬ್ಬ ಮಾಡಲ್ಲ, ಮಗಳ್ನ ಕರೀದೆ ಇರಕಾದದಾ?" ಅನ್ನುತ್ತಾನೆ. ಊಟಕ್ಕೆ ಕುಳಿತಿದ್ದೆವು. ಧನಲಕ್ಷ್ಮಿ ಗಾರ್ಮೆಂಟ್ಸಿಗೆ ಸೇರಿದ ವಿಷಯ ನಿನಗೆ ಗೊತ್ತು. ಅಲ್ಲಿ ದಾರ ತುಂಡು ಮಾಡಲು ಕೊಟ್ಟ ಕತ್ತರಿ ಮೊಂಡಾಗಿದೆ ಅಂತ ಅವಳು ಅಮ್ಮನ ಹತ್ತಿರ ಹೇಳುತ್ತಿದ್ದಳು. ಅಷ್ಟೇ. ಕೇಳಲೂ ಇಲ್ಲ. ಅಪ್ಪ ಎಡಗೈಯಿಂದ ಜೇಬಿನೊಳಗಿನ ಚಾಕು ತೆಗೆದು, ಪಂಚೆಗೆ ಒರೆಸಿ, ಬಡಿಸುತ್ತಿದ್ದವಳ ಅಂಗೈ ಮೇಲೆ ಇಟ್ಟ. "ಇಟ್ಕೊ ಮಗ. ನಾನೀಗ ಯಾವ ಕಂಬ ಅತ್ಬೇಕು?"

ಅಂಗೈ ಮೇಲೆ, ನಾಗೇಶ.

ನಿನಗೆ ಇದರಲ್ಲೇನಿದೆ ಅನ್ನಿಸಬಹುದು. ನಿನಗೆ ಪೆನ್ಸಿಲ್ ಕೊರೆಯಲು ಅಪ್ಪ ಆ ಚಾಕುವನ್ನು ಬಿಡಿಸಿ, ಹಿಡಿ ನಿನ್ನ ಕಡೆ ಮಾಡಿ ಕೈಗೆ ಕೊಡುತ್ತಿದ್ದ. ನನಗೆ ಒಂದು ದಿನ, ಒಂದೇ ಒಂದು ದಿನ, ಕೈಗೆ ಕೊಡಲಿಲ್ಲ. ನಾನು ಕೈ ಚಾಚಿದರೆ ಅವನು ಚಾಕುವನ್ನು ನೆಲದ ಮೇಲೆ ಇಡುತ್ತಿದ್ದ. "ಅಲ್ಲಿ ಮಡಗಿವ್ನಿ, ತಕೋ." ಕೆಲಸ ಮುಗಿಸಿ ಕೊಡಲು ಹೋದರೆ "ಅಲ್ಲೇ ಮಡಗವ್ವ." ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಬಿಚ್ಚಿ ಸರಿಮಾಡಿದ್ದು ನಾನು. ನಿನ್ನ ಕಾಲಿನ ಜಾಲಿಮುಳ್ಳು ಆ ದಬ್ಬಣದಲ್ಲಿ ತೆಗೆದದ್ದು ನಾನು. ನೀನು ಆ ಚಾಕುವಿನಲ್ಲಿ ಮಾಡಿದ ಒಂದೇ ಕೆಲಸ ಅಂದರೆ ಬೆಂಚಿನ ಮೇಲೆ ನಿನ್ನ ಹೆಸರು ಕೆತ್ತಿ ಮೇಷ್ಟರ ಹತ್ತಿರ ಒದೆ ತಿಂದದ್ದು. ಆದರೂ ಹಿಡಿ ನಿನ್ನ ಕಡೆಗೆ, ನನಗೆ ನೆಲ. ಹುಡುಗಿ ಅಂತ ನಂಬಿಕೆಯಿಲ್ಲ ಅಂದುಕೊಂಡೆ. ಹೊಳೆನರಸೀಪುರದ ಅಂಚೆ ಕಚೇರಿಗೆ ನನಗೆ ಮೊದಲ ನೇಮಕವಾದಾಗ, ಟಪಾಲು ಚೀಲದ ಹುರಿ ಕುಯ್ಯಲು ಬೇಕು ಅಂತ ಬಾಯಿಬಿಟ್ಟು ಕೇಳಿದೆ. ಅಪ್ಪ ಕೇಳಿಸದವನಂತೆ ಎದ್ದು ಹೋಗಿ ಸಂಜೆ ಒಂದು ರೇಷ್ಮೆ ಸೀರೆ ತಂದ. ಸೀರೆಯಲ್ಲಿ ಹುರಿ ಕುಯ್ಯುತ್ತಾರಾ?

ಗೌರಿಹಬ್ಬದ ದಿನ ನಾನು ಪಾಯಸ ಇನ್ನೊಂದು ಸೌಟು ಹಾಕಿಸಿಕೊಂಡು ಉಂಡು, ಸೀರೆ ತೆಗೆದುಕೊಂಡು ಬಸ್ಸು ಹತ್ತಿದೆ. ಮಾರನೇ ವಾರ ಕಚೇರಿ ಕೆಲಸದ ಮೇಲೆ ಹಾಸನಕ್ಕೆ ಬಂದಾಗ, ಮನೆಯ ಕಡೆ ತಲೆಹಾಕದೆ ನೇರ ಹಾರ್ಡ್‌ವೇರ್ ಅಂಗಡಿಗೆ ಹೋದೆ. ನನಗೆ ಒಂದು ಜೇಬುಚಾಕು ಬೇಕು ಅಂದೆ. "ತರ್ಕಾರಿ ಎಚ್ಚಕಾ ಮೇಡಮ್ಮಾರೇ?" ಅಂದ ಅಂಗಡಿಯವನು. ಅಡುಗೆಮನೆಯಿಂದಾಚೆ ಹೆಂಗಸು ಚಾಕು ಹಿಡಿಯುವುದು ಈ ದೇಶದ ಯಾವ ಕಾನೂನಿನಲ್ಲಿ ನಿಷಿದ್ಧ ಅಂತ ಕೇಳಿದೆ. ಆಮೇಲೆ ಪೆಟ್ಟಿಗೆಯನ್ನೇ ತಂದು ಮುಂದಿಟ್ಟ. ಕೆಲವುಗಳ ಸ್ಪ್ರಿಂಗ್ ಎಷ್ಟು ಸಡಿಲ ಅಂದರೆ ಅಲ್ಲಾಡಿಸಿದರೆ ಅಲಗು ತಾನೇ ಹೊರಬರುತ್ತಿತ್ತು. ಇನ್ನು ಕೆಲವುಗಳಲ್ಲಿ ಉಗುರು ಮುರಿದರೂ ಬರುತ್ತಿರಲಿಲ್ಲ. ಟಾರ್ಚು, ಸೀಟಿ, ಪೆನ್‌ಡ್ರೈವು ಅಂಟಿಸಿದ್ದೂ ಇದ್ದವು. ನಾನು ಅಪ್ಪನ ಲೆಕ್ಕವನ್ನೇ ಹಿಡಿದೆ: ಮುಷ್ಟಿಯಲ್ಲಿ ಮುಚ್ಚಿಹೋಗಬೇಕು, ಕತ್ತರಿ ಇರಬೇಕು, ಸ್ಕ್ರೂ ತಿರುಗಿಸಿದರೆ ತುದಿ ಬಾಗಬಾರದು. ಕೊನೆಗೆ ನೀಲಿ ಹಿಡಿಯದೊಂದನ್ನು ತಂದೆ.

ತಂದ ಮೇಲೆ ಇಡುವುದೆಲ್ಲಿ? ಗಂಡಸರ ಅಂಗಿಗೆ ಎದೆಯ ಮೇಲೊಂದು, ಪ್ಯಾಂಟಿಗೆ ನಾಲ್ಕು. ನಮ್ಮ ಸೀರೆಗೆ ಮಾರುದ್ದ ಬಟ್ಟೆ ಇದೆ, ಒಂದು ಜೇಬಿಲ್ಲ. ಇದನ್ನು ಹೆಣೆದವರು ಯಾರು ಅಂತ ಯೋಚಿಸಿದರೆ ರಕ್ತ ಕುದಿಯುತ್ತದೆ. ಬ್ಯಾಗಿನಲ್ಲಿ ಹಾಕಿದರೆ ಬಾಚಣಿಗೆ, ಮಾತ್ರೆ, ಬಸ್ ಟಿಕೆಟಿನ ಕೆಳಗೆ ಮುಳುಗಿಹೋಗುತ್ತಿತ್ತು. ಲಂಗದ ಬಲಮಗ್ಗುಲಿಗೆ ಜೇಬು ಹೊಲಿದುಕೊಡು ಅಂತ ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಮುದ್ದಮ್ಮನಿಗೆ ಹೇಳಿದೆ. "ದುಡ್ಡು ಮಡೀಕಳಕಾ ಮೇಡಂ?" ಅಂದಳು. ಅಲ್ಲ, ಚಾಕು ಅಂದೆ. ಸೂಜಿ ಹಾಗೇ ನಿಂತಿತು. "ಅಯ್ಯೋ, ಯಜಮಾನ್ರು ಏನಾರ ಅಂದ್ರಾ?" ನಿನ್ನ ಭಾವನಿಗೆ ಇದನ್ನು ಹೇಳಿದರೆ ಅವರು ಆ ರಾತ್ರಿ ಉಪ್ಪು ಕಡಿಮೆ ಇದ್ದ ಸಾರನ್ನು ಸೊಲ್ಲೆತ್ತದೆ ಉಂಡರು.

ಈಗ ದಿನವೂ ಅದು ನನ್ನ ಮಗ್ಗುಲಲ್ಲೇ ಇರುತ್ತದೆ. ಚೀಲದ ಹುರಿ ಕುಯ್ದೆ, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದೆ, ಪಿಂಚಣಿಗೆ ಬಂದ ಅಜ್ಜಿಯ ಕನ್ನಡಕದ ಸ್ಕ್ರೂ ಬಿಗಿ ಮಾಡಿದೆ. ಅಜ್ಜಿ "ನಿನ್ ಕೈ ತಣ್ಣಗಿರ್ಲಿ ಕಣವ್ವ" ಅಂದಳು. ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು. ಆದರೆ ಪ್ರತಿ ಸಲ ಅಲಗು ಬಿಡಿಸುವಾಗಲೂ, ಈ ಹೊತ್ತಿಗೆ ಅವಳು ಗಾರ್ಮೆಂಟ್ಸಿನಲ್ಲಿ ಕೆಂಪು ಚಾಕು ಬಿಡಿಸುತ್ತಿರುತ್ತಾಳೆ, ಅದು ಇಷ್ಟು ಬಿಗಿ ಇಲ್ಲ, ಅಪ್ಪನ ಬೆರಳಿಗೆ ಸವೆದು ಬೆಣ್ಣೆಯಂತೆ ತೆರೆದುಕೊಳ್ಳುತ್ತದೆ ಅನ್ನುವುದೇ ತಲೆಯಲ್ಲಿ.

ಹೋದ ಭಾನುವಾರ ತಡೆಯಲಾಗದೆ ಹೋದೆ. ಅವತ್ತು ರಾತ್ರಿ ಗ್ರಹಣ. ಬೀದಿಯವರೆಲ್ಲ ಮಧ್ಯಾಹ್ನಕ್ಕೇ ಅಡುಗೆ ಮುಗಿಸಿ ನೀರಿನ ಕೊಡಕ್ಕೆ ದರ್ಭೆ ಹಾಕುತ್ತಿದ್ದರೆ, ನಮ್ಮಪ್ಪ ರಾತ್ರಿ ಗ್ರಹಣ ಹಿಡಿದ ಹೊತ್ತಿನಲ್ಲೇ ಜಗಲಿ ಮೇಲೆ ಕುಳಿತು ಉಣ್ಣುತ್ತೇನೆ ಅಂತ ಮಟನ್ ತಂದು ಈರುಳ್ಳಿ ಸುಲಿಯುತ್ತಿದ್ದ. ನಾನು ನಿಂತ ಕಾಲಲ್ಲೇ ಶುರುಮಾಡಿದೆ. ಮಗಳಿಗೂ ಸಮಪಾಲು ಅಂತ ಕಾನೂನು ಬಂದು ಇಪ್ಪತ್ತು ವರ್ಷ ಆಯಿತು, ಮನೆ ಕೇಳಲಿಲ್ಲ, ಸೈಟು ಕೇಳಲಿಲ್ಲ, ಕೇಳಿದ್ದು ಒಂದು ಚಾಕು ಅಂದೆ. ನನಗೆ ಸಂಘಮಿತ್ರಾ ಅಂತ ಹೆಸರಿಟ್ಟು ಸಮಾನತೆ ಹೇಳಿಕೊಟ್ಟವನು, ಚಾಕು ಮಾತ್ರ ನೆಲದ ಮೇಲೆ ಇಟ್ಟದ್ದು ಯಾಕೆ ಅಂದೆ. ಅಮ್ಮ ಒಳಗಿಂದ, "ಚಾಕೂಗೆ ಅಳ್ತಾವ್ಳಲ್ಲೇ! ತಲೆ ನೆರೆತು, ಬುದ್ಧಿ ನೆರೀನಿಲ್ಲ" ಅಂದಳು. ಧನಲಕ್ಷ್ಮಿ ಬಂದು ಚಾಕು ತೆಗೆದು, "ತಕಳಿ ಅಕ್ಕ, ನಂಗೆ ಕತ್ರಿ ಸಾಕು" ಅಂದಳು. ಇದೇ ನೋಡು ನನಗೆ ತಡೆಯಲಾಗದ್ದು. ಒಳ್ಳೆಯವಳು ಬೇರೆ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು! ಬೇಡ ಅಂದೆ.

ಅಪ್ಪ ಈರುಳ್ಳಿ ಕೆಳಗಿಟ್ಟು ಕೈ ಒರೆಸಿಕೊಂಡ. ಆಮೇಲೆ ಅಂದ: "ಚಾಕು ಕೈಯಿಂದ ಕೈಗೆ ಕೊಟ್ರೆ ಕೊಟ್ಟೋರ್ಗೂ ಇಸ್ಕಂಡೋರ್ಗೂ ಜಗಳ ಆಯ್ತದೆ ಅಂತ ನಿಮ್ಮಜ್ಜಿ ಏಳ್ತಿದ್ಲು ಕಣವ್ವ. ವಾಪಸ್ ಇಸ್ಕಳ್ದಂಗೆ ಕೊಟ್ಬುಟ್ರಂತೂ ಸಂಬಂಧಾನೇ ಕಡ್ದೋಯ್ತದಂತೆ."

ನಾನು ನಕ್ಕುಬಿಟ್ಟೆ. ಗ್ರಹಣದಲ್ಲಿ ಮಟನ್ ಉಣ್ಣುವವನು, ರಾಹುಕಾಲದಲ್ಲೇ ಬೇಕೆಂದು ಮಗನ ಮದುವೆ ಮಾಡಿದವನು, ಇದನ್ನು ನಂಬುತ್ತೀಯಾ ಅಂದೆ. "ನಂಬಲ್ಲ. ಸುಳ್ಳು ಅಂತ ಗೊತ್ತು. ಎಲ್ಲಾದ್ರಲ್ಲೂ ಪರೀಕ್ಸೆ ಮಾಡ್ದೆ, ನಿನ್ ವಿಸ್ಯದಲ್ಲಿ ಮಾತ್ರ ಪರೀಕ್ಸೆ ಮಾಡಕೆ ದೈರ್ಯ ಬರ್ನಿಲ್ಲ." ಹಾಗಾದರೆ ಧನಲಕ್ಷ್ಮಿಗೂ ನಾಗೇಶನಿಗೂ ಕೈಗೇ ಕೊಟ್ಟೆಯಲ್ಲ? ಅವರ ಸಂಬಂಧ ಕಡಿಯುವುದಿಲ್ಲವಾ ಅಂದೆ. ಅಪ್ಪ ದಡ್ಡಿಯನ್ನು ನೋಡುವಂತೆ ನನ್ನನ್ನು ನೋಡಿದ. "ಅವ್ರು ಇದೇ ಮನೆಯೋರು. ಇವ್ಳು ಬೆಳಿಗ್ಗೆ ಜಗಳ ಆಡುದ್ರೆ ಸಂಜೆಗೆ ಟೀ ಕೊಡ್ತಾಳೆ, ಮುಗೀತು. ನೀನು ಜಗಳ ಆಡ್ಕಂಡು ಬಸ್ಸು ಅತ್ಬುಟ್ರೆ ನಾನು ಎಲ್ಲಿಗ್ ಬರ್ಲವ್ವ?" ಧನಲಕ್ಷ್ಮಿ ತಕ್ಷಣ, "ಸುಮ್ನಿರಿ ಮಾವ, ನಾನ್ಯಾವಾಗ ಜಗಳ ಆಡಿದ್ದು? ಟೀವಿ ರಿಮೋಟು ಬಚ್ಚಿಡೋರು ನೀವೇ" ಅಂದಳು. ಅಪ್ಪ "ನೋಡ್ದಾ?" ಅಂತ ನನ್ನ ಕಡೆ ತಿರುಗಿ ಹೆಮ್ಮೆಯಿಂದ ನಕ್ಕ.

ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಆರಿತು ಅಂದುಕೊಂಡೆಯಾ? ಇಲ್ಲ ಕಣೋ. ಮೊದಲು ಉರಿಯುತ್ತಿದ್ದದ್ದು ಚಾಕುವಿಗೆ, ಈಗ ಆ ಜಗಳಕ್ಕೆ. 'ಸುಮ್ನಿರಿ ಮಾವ' ಅಂತ ಅವಳು ಎಷ್ಟು ಸಲೀಸಾಗಿ ಅಂದಳು! ನಾನು ಹೋದರೆ ಅಪ್ಪ ಕುರ್ಚಿಯ ಧೂಳು ಒರೆಸುತ್ತಾನೆ, ಸ್ಟೀಲಿನ ಹೊಸ ಲೋಟದಲ್ಲಿ ಕಾಫಿ ಕೊಡಿಸುತ್ತಾನೆ, ಹೊತ್ತಿಗೆ ಮುಂಚೆ ಬಸ್‌ಸ್ಟ್ಯಾಂಡಿಗೆ ಬಿಟ್ಟುಬರುತ್ತಾನೆ. ಮದುವೆಯಾದಾಗಿನಿಂದ ನಾನು ಆ ಮನೆಗೆ ನೆಂಟಳು. ನಿನ್ನ ಮೇಲೆ ಅಪ್ಪ ಚಪ್ಪಲಿ ಎಸೆದದ್ದಿದೆ, ನೀನು ಎರಡು ದಿನ ಉಣ್ಣದೆ ಕುಳಿತದ್ದಿದೆ. ನನಗೆ ಅಂಥ ಒಂದು ಆಸ್ತಿಯೂ ಇಲ್ಲ. ಈ ವಯಸ್ಸಿನಲ್ಲಿ ಮೊನ್ನೆ ಆಡಿದ್ದೇ ಮೊದಲನೇ ಜಗಳ, ಅದಕ್ಕೂ ಅವನು ಕೈಮುಗಿಯುವವನಂತೆ ಉತ್ತರ ಕೊಟ್ಟ. ನೀನಾದರೂ ಹೇಳು, ಇದು ನ್ಯಾಯವಾ?

ಕಾಗದ ಉದ್ದವಾಯಿತು, ಅಂಚೆಚೀಟಿ ಇನ್ನೊಂದು ಹೆಚ್ಚೇ ಬೇಕಾಗುತ್ತದೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ, ರಾತ್ರಿ ಗಸ್ತಿನಲ್ಲಿ ಶೂರನಾಗಲು ಹೋಗಬೇಡ. ನಿನ್ನ ಭಾವ ನಿನ್ನನ್ನು ಕೇಳಿದ್ದಾರೆ. ಎಲ್ಲಿದ್ದರೂ ತಣ್ಣಗಿರು, ಬೇಗ ರಜೆ ಸಿಗಲಿ.

ನಿನ್ನ ಅಕ್ಕ,
ಸಂಘಮಿತ್ರಾ

ಮರೆತಿದ್ದೆ: ಹಾಸನದ ಮನೆಯ ಮಹಡಿಯ ಬಾಡಿಗೆಯವರು ದೀಪಾವಳಿ ಹೊತ್ತಿಗೆ ಖಾಲಿ ಮಾಡುತ್ತಾರಂತೆ. ನಾನು ಹಾಸನಕ್ಕೆ ವರ್ಗ ಕೇಳಿದ್ದೇನೆ, ನಿನ್ನ ಭಾವನಿಗೂ ಅಲ್ಲಿಂದ ದಿನಾ ಚನ್ನರಾಯಪಟ್ಟಣಕ್ಕೆ ಓಡಾಡಲು ಆಗುತ್ತದೆ. ಆ ಮನೆ ಈಗ ಧನಲಕ್ಷ್ಮಿ ನಡೆಸುವ ಮನೆ. ನಾವು ಮಹಡಿಗೆ ಬಂದರೆ ಆದೀತಾ ಅಂತ ನೀನೇ ಅವಳನ್ನು ಕೇಳು, ಸ್ಪೀಕರ್ ಆರಿಸಲು ಹೇಳಿ ಕೇಳು. ಅವಳು ಹಿಂದೆಮುಂದೆ ನೋಡಿದರೆ ಈ ಮಾತು ಇಲ್ಲಿಗೇ ಬಿಟ್ಟುಬಿಡು, ನನಗೆ ಬೇಸರವಿಲ್ಲ (ಇದೆ, ಆದರೆ ಅವಳಿಗೆ ಹೇಳಬೇಡ). ಒಪ್ಪಿದರೆ ಅಪ್ಪನಿಗೆ ನಾನೇ ಹೇಳುತ್ತೇನೆ. ಅಪ್ಪ ನೀರಿನ ಮೋಟರು ಹಾಕಿ ಮರೆತು ದಿನಾ ಟ್ಯಾಂಕು ತುಂಬಿ ಬೀದಿಗೆ ಹರಿಸುತ್ತಾನೆ. ಎಷ್ಟೋ ವರ್ಷದಿಂದ ನೋಡಿಯೂ ನೆಂಟಳಾಗಿ ಬಾಯಿ ಮುಚ್ಚಿಕೊಂಡಿದ್ದೇನೆ. ಬಂದ ದಿನವೇ ಜಗಳ ಅದರಿಂದ ಶುರುಮಾಡುತ್ತೇನೆ.